ಫೋನ್ ಲೈನಿನ ಮೇಲೆ ತೆರಿಗೆ ಮತ್ತು ನೀವು ಕೊಡಲು ಒಪ್ಪಿದ 10 ರೂಪಾಯಿ

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಳಗಿನ ಊರು ಸರ್. ಫೋನಿನಲ್ಲಿ ಮಾತಾಡಬೇಕೆಂದರೆ ಅಡಿಕೆ ತೋಟ ದಾಟಿ ಗುಡ್ಡ ಹತ್ತಬೇಕು. ಮಗಳು ಅಳಿಯ ಇಂಗ್ಲೆಂಡಿನ ಉತ್ತರ ಭಾಗದ ಒಂದು ಹಳ್ಳಿಯಲ್ಲಿದ್ದಾರೆ. ಅಲ್ಲಿ ಕುರಿ ಮೇಯುವ ಗುಡ್ಡಗಳ ನಡುವಿನ ಒಂಟಿ ಮನೆಗೂ ಫೈಬರ್ ಬಂದಿದೆಯಂತೆ. ಆ ದೇಶದಲ್ಲಿ ಹಿಂದೊಮ್ಮೆ ಪ್ರತಿ ಫೋನ್ ಲೈನಿಗೂ ತಿಂಗಳಿಗೆ 50 ಪೆನ್ಸ್ ತೆರಿಗೆ ಹಾಕಿ ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಡಲು ಹೊರಟಿದ್ದರು, ಆಮೇಲೆ ಕೈಬಿಟ್ಟರು ಎಂದು ಅವಳ ಪಕ್ಕದ ಮನೆಯ ಹಿರಿಯರು ಹೇಳಿದರಂತೆ. ಅದು ಸರಿಯಾದ ಯೋಚನೆಯಾಗಿತ್ತೇ? ನಮ್ಮಲ್ಲೂ ಮೊಬೈಲಿಗೆ ತಿಂಗಳಿಗೆ 10 ರೂಪಾಯಿ ಹಾಕಿ ಹಳ್ಳಿಗಳಿಗೆ ಇಂಟರ್ನೆಟ್ ಕೊಡಬಹುದಲ್ಲ? ನಾವಂತೂ ಕೊಡಲು ತಯಾರು. ಇನ್ನೊಂದು ವಿಷಯ. ಅಲ್ಲಿ ಲ್ಯಾಂಡ್‌ಲೈನೇ ನಿಂತುಹೋಗುತ್ತದೆ ಎನ್ನುತ್ತಾಳೆ. ನಾನು ಮಾತಾಡುವುದು ಅವಳ ಲ್ಯಾಂಡ್‌ಲೈನಿಗೇ. ಏನು ಮಾಡಬೇಕು?

ಉತ್ತರ: ಪಕ್ಕದ ಮನೆಯ ಹಿರಿಯರು ಹೇಳಿದ್ದು ನಿಜ. ಆದರೆ ಅವರ ಕಥೆ ಅರ್ಧಕ್ಕೇ ನಿಂತಿದೆ. ಕೈಬಿಟ್ಟ ತೆರಿಗೆ ಆಮೇಲೆ ಇನ್ನೊಂದು ಬಾಗಿಲಿನಿಂದ ಒಳಗೆ ಬಂತು. ನಿಮ್ಮ 10 ರೂಪಾಯಿಯ ಕಥೆ ಅದಕ್ಕಿಂತ ಸ್ವಾರಸ್ಯವಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬ್ರಿಟನ್. 2009ರ ಜೂನ್‌ನಲ್ಲಿ ಗಾರ್ಡನ್ ಬ್ರೌನ್ ಸರ್ಕಾರ ‘ಡಿಜಿಟಲ್ ಬ್ರಿಟನ್’ ಎಂಬ ವರದಿ ಹೊರತಂದಿತು. ಅದನ್ನು ರೂಪಿಸಿದವರು ಸಂಪರ್ಕ ಖಾತೆಯ ಸಚಿವರಾಗಿದ್ದ ಲಾರ್ಡ್ ಸ್ಟೀಫನ್ ಕಾರ್ಟರ್. ಅಲ್ಲಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ ಮೊದಲ ಮುಖ್ಯಸ್ಥರಾಗಿದ್ದವರೂ ಅವರೇ, ಹಾಗಾಗಿ ವಿಷಯ ಅರಿಯದವರೇನಲ್ಲ. ಅವರ ಲೆಕ್ಕ ಹೀಗಿತ್ತು. ಪೇಟೆಗಳಲ್ಲಿ ಕಂಪನಿಗಳು ತಾವಾಗಿಯೇ ಫೈಬರ್ ಎಳೆಯುತ್ತವೆ. ದೇಶದ ಮೂರನೇ ಒಂದು ಪಾಲು ಮನೆಗಳಿರುವ ಕಡೆ ಲಾಭವಿಲ್ಲ, ಆ ಕಡೆಗೆ ಯಾರೂ ಹೋಗುವುದಿಲ್ಲ. ಆ ಪಾಲಿಗಾಗಿ ಒಂದು ನಿಧಿ ಬೇಕು. ಪ್ರತಿ ಸ್ಥಿರ ಫೋನ್ ಲೈನಿಗೆ ತಿಂಗಳಿಗೆ 50 ಪೆನ್ಸ್, ಅಂದರೆ ವರ್ಷಕ್ಕೆ 6 ಪೌಂಡ್ ಹಾಕಿದರೆ ವರ್ಷಕ್ಕೆ 15ರಿಂದ 17.5 ಕೋಟಿ ಪೌಂಡ್ ಬರುತ್ತದೆ. ಅದರಲ್ಲಿ 2017ರ ಹೊತ್ತಿಗೆ ಶೇ 90ರಷ್ಟು ಮನೆಗಳಿಗೆ ವೇಗದ ಬ್ರಾಡ್‌ಬ್ಯಾಂಡ್ ತಲುಪಿಸಬಹುದು.

ಆಗಿನ ವಿನಿಮಯದಲ್ಲಿ 50 ಪೆನ್ಸ್ ಎಂದರೆ ಸುಮಾರು 40 ರೂಪಾಯಿ. ಆ ದೇಶದ ಸಂಬಳಕ್ಕೆ ಅದೇನೂ ಅಲ್ಲ. ಆದರೂ ಗದ್ದಲವಾಯಿತು, ಅದರಲ್ಲಿ ಹುರುಳೂ ಇತ್ತು.

ಲ್ಯಾಂಡ್‌ಲೈನ್ ಇಟ್ಟುಕೊಂಡಿದ್ದವರು ಯಾರು ಎಂದು ಯೋಚಿಸಿ. ಮೊಮ್ಮಕ್ಕಳ ಕರೆಗೆ ಕಾಯುವ, ಕಂಪ್ಯೂಟರ್ ಮುಟ್ಟದ ಅಜ್ಜಿಯೂ 6 ಪೌಂಡ್ ಕಟ್ಟಬೇಕು, ದಿನವಿಡೀ ಸಿನಿಮಾ ಇಳಿಸಿಕೊಳ್ಳುವ ಲಂಡನ್ನಿನ ಸಿರಿವಂತನೂ ಅಷ್ಟೇ ಕಟ್ಟಬೇಕು. ಲ್ಯಾಂಡ್‌ಲೈನ್ ತೆಗೆಸಿ ಮೊಬೈಲ್ ಮಾತ್ರ ಇಟ್ಟುಕೊಂಡ ಯುವಕನಿಗೆ ಏನೂ ಇಲ್ಲ. ಆಗ ಮೂರು ಮನೆಗಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಬ್ರಾಡ್‌ಬ್ಯಾಂಡೇ ಇರಲಿಲ್ಲ, ಆ ಮನೆಯವರೂ ಬೇರೆಯವರ ಬ್ರಾಡ್‌ಬ್ಯಾಂಡಿಗೆ ಕೊಡಬೇಕಿತ್ತು. ತೀರಾ ಬಡವರಿಗೆ ವಿನಾಯಿತಿ ಇತ್ತು, ನಿಜ. ಆದರೆ ಬಡವರ ಪಟ್ಟಿಗೆ ಸೇರದೆ ಪಿಂಚಣಿಯಲ್ಲಿ ದಿನ ದೂಡುವ ಸಾಲು ದೊಡ್ಡದು. ಸಂಸತ್ತಿನ ವಾಣಿಜ್ಯ ಸಮಿತಿಯೂ 2010ರ ಫೆಬ್ರುವರಿಯಲ್ಲಿ ಇದನ್ನೇ ಹೇಳಿತು: ಪ್ರಯೋಜನ ಸಿಗದ ಬಹುಸಂಖ್ಯಾತರ ಮೇಲೆ ಹೊರೆ, ಗುರಿ ತಪ್ಪಿದ ತೆರಿಗೆ. ಆ ಸಮಿತಿಯಲ್ಲಿ ಆಳುವ ಪಕ್ಷದವರೂ ಇದ್ದರು ಎಂಬುದನ್ನು ಮರೆಯಬಾರದು.

ಹಣಕಾಸು ಸಚಿವ ಅಲಿಸ್ಟೇರ್ ಡಾರ್ಲಿಂಗ್ ಆದರೂ ಬಿಡಲಿಲ್ಲ. 2010ರ ಅಕ್ಟೋಬರ್‌ನಿಂದ ತೆರಿಗೆ ಜಾರಿ ಎಂದರು. ಅಷ್ಟರಲ್ಲಿ ಚುನಾವಣೆ ಬಂತು. ಸಂಸತ್ತು ವಿಸರ್ಜನೆಯಾಗುವ ಮುಂಚಿನ ಕೊನೆಯ ದಿನಗಳಲ್ಲಿ, ಬಾಕಿ ಮಸೂದೆಗಳನ್ನು ಪ್ರತಿಪಕ್ಷದ ಒಪ್ಪಿಗೆ ಪಡೆದು ಅವಸರದಲ್ಲಿ ಮುಗಿಸುವ ಪದ್ಧತಿ ಅಲ್ಲಿದೆ. ಒಪ್ಪಿಗೆ ಬೇಕೆಂದರೆ ಏನನ್ನಾದರೂ ಬಿಟ್ಟುಕೊಡಬೇಕು. 2010ರ ಏಪ್ರಿಲ್‌ನಲ್ಲಿ ಹಾಗೆ ಬಿಟ್ಟುಕೊಟ್ಟವುಗಳಲ್ಲಿ ಈ ಫೋನ್ ತೆರಿಗೆಯೂ ಒಂದು. ಸೈಡರ್ ಎಂಬ ಸೇಬಿನ ಮದ್ಯದ ಮೇಲೆ ಏರಿಸಲು ಹೊರಟಿದ್ದ ಸುಂಕವೂ ಅದರ ಜೊತೆಗೇ ಹೋಯಿತು. ಮೇ 6ರಂದು ಮತದಾನ. ಕನ್ಸರ್ವೇಟಿವ್ ಪಕ್ಷ ಲಿಬರಲ್ ಡೆಮಾಕ್ರಾಟರ ಜೊತೆ ಸೇರಿ ಸರ್ಕಾರ ಮಾಡಿತು. ಫೋನ್ ತೆರಿಗೆ ಸತ್ತಿತು ಎಂದು ಜನ ನೆಮ್ಮದಿಯ ಉಸಿರು ಬಿಟ್ಟರು.

ಹೊಸ ಸರ್ಕಾರಕ್ಕೂ ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಡಲೇಬೇಕಿತ್ತು. ಹಣ ಎಲ್ಲಿಂದ ತರುವುದು? ಬಿಬಿಸಿಯ ಟಿವಿ ಲೈಸೆನ್ಸ್ ಶುಲ್ಕದಿಂದ. (ನಮ್ಮಲ್ಲೂ ರೇಡಿಯೊಗೆ ಲೈಸೆನ್ಸ್ ಪುಸ್ತಕ ಇತ್ತಲ್ಲ, ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದೆವು. ಆ ಜಾತಿಯದೇ, ಅಲ್ಲಿ ಇನ್ನೂ ಬದುಕಿದೆ.) 2010ರ ಅಕ್ಟೋಬರ್‌ನಲ್ಲಿ ಆದ ಒಪ್ಪಂದದಂತೆ ಲೈಸೆನ್ಸ್ ಶುಲ್ಕ ವರ್ಷಕ್ಕೆ 145.50 ಪೌಂಡ್‌ನಲ್ಲೇ ನಿಲ್ಲಬೇಕು, ಅದರೊಳಗಿಂದಲೇ ಮುಂದೆ ವರ್ಷಕ್ಕೆ 15 ಕೋಟಿ ಪೌಂಡ್ ಬ್ರಾಡ್‌ಬ್ಯಾಂಡಿಗೆ ಹೋಗಬೇಕು. ಆ ದೇಶದಲ್ಲಿ ಆಗ ಇದ್ದ ಟಿವಿ ಲೈಸೆನ್ಸ್‌ಗಳು ಸುಮಾರು 2.5 ಕೋಟಿ. ಪೆನ್ಸಿಲ್ ಹಿಡಿದು ಭಾಗಿಸಿ ನೋಡಿ. ಮನೆಗೆ ವರ್ಷಕ್ಕೆ 6 ಪೌಂಡ್. ತಿಂಗಳಿಗೆ 50 ಪೆನ್ಸ್!

ಅದೇ ಮೊತ್ತ, ಬಡವ ಬಲ್ಲಿದ ಎನ್ನದೆ ತಲೆಗೆ ಇಷ್ಟು ಎನ್ನುವ ಅದೇ ಪದ್ಧತಿ. ಈ ಸಲ ಕೂಗಾಟವೇ ಇಲ್ಲ. ಕಾರಣ ಸುಲಭ, ಯಾರ ಬಿಲ್ಲಿನಲ್ಲೂ ಹೊಸ ಸಾಲು ಕಾಣಿಸಲಿಲ್ಲ. ನ್ಯಾಯವಾಗಿ ಒಂದು ಮಾತು ಸೇರಿಸಬೇಕು: 75 ದಾಟಿದವರಿಗೆ ಆಗ ಟಿವಿ ಲೈಸೆನ್ಸ್ ಉಚಿತವಿತ್ತು, ಹಾಗಾಗಿ ಮುಪ್ಪಿನವರಿಗೆ ಇದು ಫೋನ್ ತೆರಿಗೆಗಿಂತ ಹಗುರ. ಶುಲ್ಕ ಏರದಿದ್ದರಿಂದ ನೋಡುಗನ ಜೇಬಿನಿಂದ ಹೆಚ್ಚಿಗೆ ಹೋಗಲೂ ಇಲ್ಲ. ಬಿಬಿಸಿ ತನ್ನ ಖರ್ಚು ಕಡಿತ ಮಾಡಿಕೊಂಡಿತು. ಅಂದರೆ ಬ್ರಿಟನ್ನಿನ ಜನ ಹಳ್ಳಿಯ ಬ್ರಾಡ್‌ಬ್ಯಾಂಡಿಗೆ ಕಾರ್ಯಕ್ರಮಗಳ ರೂಪದಲ್ಲಿ ಕೊಟ್ಟರು. ಕೊಟ್ಟಿದ್ದು ಅವರಿಗೇ ಗೊತ್ತಾಗಲಿಲ್ಲ.

ಈಗ ನೀವು ಕೇಳಿದ್ದಕ್ಕೆ ನೇರವಾಗಿ ಬರುತ್ತೇನೆ. ಪೇಟೆಯವರ ಹಣದಿಂದ ಹಳ್ಳಿಗೆ ಲೈನ್ ಎಳೆಯುವ ತತ್ವ ಸರಿಯೇ? ನೂರಕ್ಕೆ ನೂರು ಸರಿ. ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ದುಡಿದವನು, ಆ ವ್ಯವಸ್ಥೆ ನಿಂತಿದ್ದೇ ಇದರ ಮೇಲೆ. ರಾತ್ರಿ 11 ಆದಮೇಲೆ ಕಾಲು ದರ ಎಂದು ಎಸ್‌ಟಿಡಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದುದು ನಿಮಗೂ ನೆನಪಿರಬೇಕು. ಎಸ್‌ಟಿಡಿಗೆ ಅಷ್ಟು ದುಬಾರಿ ದರ ಇಟ್ಟಿದ್ದು ಯಾಕೆ? ಬೆಂಗಳೂರಿನಿಂದ ಬೊಂಬಾಯಿಗೆ ಮಾತಾಡುವ ವ್ಯಾಪಾರಿ ಕೊಟ್ಟ ದುಡ್ಡಿನಲ್ಲಿ ಹಳ್ಳಿಯ ಲೈನಿನ ಕಡಿಮೆ ಬಾಡಿಗೆಯ ನಷ್ಟ ತುಂಬಿಕೊಳ್ಳುತ್ತಿದ್ದರು. ಖಾಸಗಿ ಕಂಪನಿಗಳು ಬಂದು ಎಸ್‌ಟಿಡಿ ದರ ಕುಸಿದಾಗ ಆ ಒರತೆ ಬತ್ತಿತು. 2003ರಿಂದ 2008ರವರೆಗೆ ಕರೆಗಳ ಮೇಲೆ ಬೇರೆ ಶುಲ್ಕ ವಸೂಲಿ ಮಾಡಿ, ಮುಖ್ಯವಾಗಿ ಬಿಎಸ್‌ಎನ್‌ಎಲ್‌ಗೆ ಕೊಟ್ಟು ಆ ನಷ್ಟಕ್ಕೆ ತೇಪೆ ಹಾಕಿದ್ದೂ ಉಂಟು. ಒಬ್ಬರ ಲೈನಿಗೆ ಇನ್ನೊಬ್ಬರು ಕೊಡುವುದು ಈ ಕಸುಬಿನಲ್ಲಿ ಮೊದಲಿಂದ ಬಂದ ನಡಾವಳಿ.

ಬ್ರಿಟನ್ ತಪ್ಪಿದ್ದು ತೆರಿಗೆಯನ್ನು ಯಾವುದರ ಮೇಲೆ ಹಾಕಲು ಹೊರಟಿತು ಎಂಬುದರಲ್ಲಿ. ತಾಮ್ರದ ತಂತಿಯ ಲ್ಯಾಂಡ್‌ಲೈನು ಕ್ಷೀಣಿಸುತ್ತಿದೆ ಎಂದು 2009ರಲ್ಲೇ ಎಲ್ಲರಿಗೂ ಗೊತ್ತಿತ್ತು. ಬತ್ತುತ್ತಿರುವ ಕೆರೆಗೆ ಪಂಪ್‌ಸೆಟ್ ಇಟ್ಟರೆ ಏನಾಗುತ್ತದೆ ಎನ್ನುವುದನ್ನು ನೋಡಲು ಅಮೆರಿಕಕ್ಕೆ ಹೋಗಬೇಕು. ಅಲ್ಲಿ 1996ರ ಕಾಯಿದೆಯಡಿ ಎಲ್ಲರಿಗೂ ಫೋನ್ ಸೇವೆ ತಲುಪಿಸುವ ನಿಧಿಯೊಂದಿದೆ. ರಾಜ್ಯದಿಂದ ರಾಜ್ಯಕ್ಕೆ ಮತ್ತು ಹೊರದೇಶಕ್ಕೆ ಹೋಗುವ ಕರೆಗಳ ಆದಾಯದ ಮೇಲೆ ಇಂತಿಷ್ಟು ಪಾಲು ಎಂದು ಕಂಪನಿಗಳಿಂದ ವಸೂಲಿ ಮಾಡುತ್ತಾರೆ, ಕಂಪನಿಗಳು ಅದನ್ನು ಗ್ರಾಹಕರ ಬಿಲ್ಲಿಗೆ ಸೇರಿಸುತ್ತವೆ. 2011ರಲ್ಲಿ ಆ ನಿಧಿಯನ್ನು ಹಳ್ಳಿಗಳ ಬ್ರಾಡ್‌ಬ್ಯಾಂಡಿನ ಕಡೆಗೆ ತಿರುಗಿಸಿದರು. ವಸೂಲಿ ಮಾತ್ರ ಫೋನ್ ಕರೆಗಳ ಮೇಲೆಯೇ ಉಳಿಯಿತು, ಇಂಟರ್ನೆಟ್ಟಿನ ಆದಾಯವನ್ನು ಮುಟ್ಟಲಿಲ್ಲ. ಜನ ಕರೆ ಬಿಟ್ಟು ವಾಟ್ಸ್ಆ್ಯಪ್ ಹಿಡಿದರು. ಆದಾಯ ಇಳಿಯಿತು, ಖರ್ಚು ಇಳಿಯಲಿಲ್ಲ, ದರ ಏರಿಸುತ್ತಾ ಹೋದರು. 2000ದ ಸುಮಾರಿಗೆ ಶೇ 6ರ ಆಸುಪಾಸಿನಲ್ಲಿದ್ದದ್ದು ಈಗ ಶೇ 30 ದಾಟಿದೆ. ಇನ್ನೂ ಹಳೆಯ ಫೋನನ್ನೇ ನಂಬಿ ಕೂತಿರುವ ವಯಸ್ಸಾದವರು ಆ ಭಾರ ಹೊರುತ್ತಿದ್ದಾರೆ. ಇದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟಿನವರೆಗೂ ಹೋದರು. 2025ರ ಜೂನ್‌ನಲ್ಲಿ ಕೋರ್ಟು ನಿಧಿಯನ್ನು ಎತ್ತಿಹಿಡಿಯಿತು. ಕಾನೂನಿನ ಮಟ್ಟಿಗೆ ಅದು ಗಟ್ಟಿ, ಲೆಕ್ಕದ ಮಟ್ಟಿಗೆ ಟೊಳ್ಳು.

ಬ್ರಿಟನ್ 50 ಪೆನ್ಸ್ ತೆರಿಗೆಯನ್ನು ಉಳಿಸಿಕೊಂಡಿದ್ದರೆ ಅದೇ ಗತಿಯಾಗುತ್ತಿತ್ತು. ಅಲ್ಲಿ ಈಗ ತಾಮ್ರದ ಫೋನ್ ಜಾಲವನ್ನೇ ಕಳಚುತ್ತಿದ್ದಾರೆ. ನಿಮ್ಮ ಮಗಳ ಲ್ಯಾಂಡ್‌ಲೈನ್ ಸುದ್ದಿಯೂ ಅದೇ.

ತೆರಿಗೆಯ ಜಗಳದಲ್ಲಿ ಎಲ್ಲರೂ ಮರೆತದ್ದು ಇನ್ನೊಂದಿತ್ತು, ನನಗೆ ಮುಖ್ಯವಾಗಿ ಕಾಣುವುದು ಅದೇ: ಆ ಹಣದಲ್ಲಿ ಏನು ಕಟ್ಟುವುದು? 2008ರಲ್ಲಿ ಅನಾಲಿಸಿಸ್ ಮೇಸನ್ ಎಂಬ ಸಲಹಾ ಸಂಸ್ಥೆ ಬ್ರಿಟನ್ನಿಗೆ ಲೆಕ್ಕ ಹಾಕಿಕೊಟ್ಟಿತ್ತು. ರಸ್ತೆ ಬದಿಯ ಹಸಿರು ಪೆಟ್ಟಿಗೆಯವರೆಗೆ ಫೈಬರ್ ಎಳೆದು ಅಲ್ಲಿಂದ ಮನೆಗೆ ಹಳೆಯ ತಾಮ್ರವನ್ನೇ ಬಳಸಿದರೆ ಇಡೀ ದೇಶಕ್ಕೆ 510 ಕೋಟಿ ಪೌಂಡ್. ಮನೆ ಮನೆಗೂ ಫೈಬರ್ ಎಂದರೆ 2,880 ಕೋಟಿ ಪೌಂಡ್‌ವರೆಗೆ. ಫೋನ್ ತೆರಿಗೆಯಿಂದ 7 ವರ್ಷಕ್ಕೆ ಬರುತ್ತಿದ್ದುದು ಹೆಚ್ಚೆಂದರೆ 120 ಕೋಟಿ ಚಿಲ್ಲರೆ. ಅಷ್ಟರಲ್ಲಿ ಆಗುವುದು ಪೆಟ್ಟಿಗೆಯವರೆಗಿನ ಕೆಲಸ ಮಾತ್ರ.

ಇದರ ವ್ಯತ್ಯಾಸ ತೋಟ ಮಾಡುವವರಿಗೆ ಹೇಳಿಕೊಡಬೇಕಾಗಿಲ್ಲ. ಕಾಲುವೆಯ ಬಾಯಲ್ಲಿರುವ ಮರಕ್ಕೆ ನೀರು ಧಾರಾಳ, ಕೊನೆಯ ಮರದ ಬುಡಕ್ಕೆ ಬರಿಯ ತೇವ. ತಾಮ್ರದ ತಂತಿಯಲ್ಲಿ ವೇಗ ಹರಿಯುವುದು ಹೀಗೆಯೇ. ಎಕ್ಸ್‌ಚೇಂಜಿನ ಪಕ್ಕದ ಮನೆಗೆ 8 ಎಂಬಿಪಿಎಸ್ ಬರುತ್ತಿದ್ದ ಅದೇ ಸಲಕರಣೆಯಲ್ಲಿ 5 ಕಿ.ಮೀ. ಆಚೆಯ ಮನೆಗೆ ಒಂದೆರಡು ಬಂದರೆ ಪುಣ್ಯ. ಜಾಯಿಂಟಿನೊಳಗೆ ಮಳೆನೀರು ಇಳಿದರೆ ಅದೂ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ, ಮನೆಗಳಿಗೆ ಲೈನ್ ಹಂಚುವ ಡಿಪಿ ಪೆಟ್ಟಿಗೆ ತೆರೆದು ಇರುವೆ ಗೂಡು ಕೊಡವಿ, ತಂತಿಯ ತುದಿ ಒರೆಸಿ ಮತ್ತೆ ಕಟ್ಟಿದ್ದು ಎಷ್ಟು ಸಲವೋ! ಬ್ರಿಟನ್ನಿನಲ್ಲೂ ಹಸಿರು ಪೆಟ್ಟಿಗೆಗೆ ಫೈಬರ್ ಬಂದಾಗ ಪೆಟ್ಟಿಗೆಯ ಹತ್ತಿರದ ಮನೆಗಳು ಖುಷಿಪಟ್ಟವು, ಮೂರು ಮೈಲಿ ಆಚೆಯ ಕುರಿದೊಡ್ಡಿಯ ಮನೆ ಇದ್ದಲ್ಲೇ ಇತ್ತು. ಆ ಕೊನೆಯ ಮನೆಯ ಹೆಸರು ಹೇಳಿಕೊಂಡೇ ಹಣ ಎತ್ತಿದ್ದು ಎಂಬುದನ್ನು ಗಮನಿಸಿ.

ಈ ಜಾಲವನ್ನು ನಿರ್ಮಿಸಿದವರು ಯಾರು ಎನ್ನುವುದೂ ಇದೆ. ಹಳ್ಳಿಗಳ ಮೊದಲ ಸುತ್ತಿನ 44 ಗುತ್ತಿಗೆಗಳೂ ಬ್ರಿಟಿಷ್ ಟೆಲಿಕಾಂ ಒಂದಕ್ಕೇ ಹೋದವು. ಪೈಪೋಟಿಯಲ್ಲಿ ಉಳಿದಿದ್ದ ಫುಜಿತ್ಸು 2013ರಲ್ಲಿ ಹಿಂದೆ ಸರಿಯಿತು. ಅದೇ ವರ್ಷ ಅಲ್ಲಿನ ಲೆಕ್ಕಪರಿಶೋಧಕರು, ಕೆಲಸ ಸುಮಾರು 22 ತಿಂಗಳು ತಡವಾಗಿದೆ, ಪೈಪೋಟಿಯಿಲ್ಲದೆ ಹಣಕ್ಕೆ ತಕ್ಕ ಬೆಲೆ ಸಿಕ್ಕಿದೆಯೇ ಎಂದು ಅಳೆಯುವುದೇ ಕಷ್ಟವಾಗಿದೆ ಎಂಬರ್ಥದ ವರದಿ ಕೊಟ್ಟರು. ಒಂದನ್ನು ಮಾತ್ರ ಮೆಚ್ಚಬೇಕು. ಗುತ್ತಿಗೆಯ ಷರತ್ತಿನಲ್ಲಿ, ಅಂದಾಜಿಗಿಂತ ಹೆಚ್ಚು ಜನ ಸಂಪರ್ಕ ಪಡೆದು ಕಂಪನಿಗೆ ಲಾಭ ಹೆಚ್ಚಾದರೆ ಸಹಾಯಧನದ ಒಂದು ಪಾಲನ್ನು ಹಿಂದಿರುಗಿಸಬೇಕು ಎಂದಿತ್ತು. ಶೇ 20ರಷ್ಟು ಮನೆಗಳು ಸೇರಬಹುದು ಎಂದು ಲೆಕ್ಕ ಹಾಕಿದ್ದರು, ಅದಕ್ಕಿಂತ ಹೆಚ್ಚು ಸೇರಿದವು. 2015ರಲ್ಲಿ ಕಂಪನಿ 12.9 ಕೋಟಿ ಪೌಂಡ್‌ವರೆಗೆ ವಾಪಸ್ ಕೊಡುವುದಾಗಿ ಹೇಳಿತು, ಆ ಹಣ ಇನ್ನಷ್ಟು ಹಳ್ಳಿಗಳಿಗೆ ಹೋಯಿತು. ಸಹಾಯಧನ ಕೊಡುವಾಗಲೇ ಹಿಂದಕ್ಕೆ ಬರುವ ದಾರಿಯನ್ನೂ ಬರೆದಿಡುವ ಇಂಥ ಷರತ್ತು ನಮ್ಮ ಗುತ್ತಿಗೆಗಳಲ್ಲಿ ನಾನು ನೋಡಿದ್ದು ಕಡಿಮೆ.

ಇಷ್ಟೆಲ್ಲ ಸರ್ಕಾರದ ಮಟ್ಟದಲ್ಲಿ ನಡೆಯುತ್ತಿದ್ದಾಗ ಲ್ಯಾಂಕಶೈರಿನ ಲ್ಯೂನ್ ಕಣಿವೆಯ ಕೆಲವು ಹಳ್ಳಿಗಳು ಕಾಯಲಿಲ್ಲ. 2011ರಲ್ಲಿ ‘ಬ್ರಾಡ್‌ಬ್ಯಾಂಡ್ ಫಾರ್ ದ ರೂರಲ್ ನಾರ್ತ್’ ಎಂಬ ಸಹಕಾರಿ ಮಾದರಿಯ ಸಂಘ ಕಟ್ಟಿಕೊಂಡರು. ಇಂಗ್ಲಿಷಿನಲ್ಲಿ ಅದನ್ನು ಚಿಕ್ಕದಾಗಿ ‘ಬಾರ್ನ್’ ಎನ್ನುತ್ತಾರೆ, ಹುಲ್ಲು ದನ ಕಟ್ಟುವ ಕೊಟ್ಟಿಗೆ ಎಂಬರ್ಥವೂ ಬರುತ್ತದೆ, ರೈತರಿಗೆ ಒಪ್ಪುವ ಹೆಸರು. ಷೇರು ಮಾರಿ ಬಂಡವಾಳ ಎತ್ತಿದರು. ರೈತರು ತಮ್ಮ ಹೊಲದಲ್ಲಿ ಕೇಬಲ್ ಹಾದುಹೋಗಲು ಬಾಡಿಗೆ ಕೇಳಲಿಲ್ಲ. ಊರಿನವರೇ ಕಾಲುವೆ ತೋಡಿ ಕೊಳವೆ ಇಳಿಸಿದರು. ತಿಂಗಳಿಗೆ 30 ಪೌಂಡಿಗೆ 1 ಗಿಗಾಬಿಟ್, ಅಂದರೆ 1,000 ಎಂಬಿಪಿಎಸ್ ವೇಗ ಮನೆ ಬಾಗಿಲಿಗೇ ಬಂತು. ಲಂಡನ್ನಿನ ಎಷ್ಟೋ ಬೀದಿಗಳಲ್ಲಿ ಆಗ ಅದು ಕನಸು. ನಿಮ್ಮ ಮಗಳಿರುವುದು ಉತ್ತರ ಭಾಗ ಎಂದಿದ್ದೀರಿ, ಯಾರಿಗೆ ಗೊತ್ತು, ಅವಳ ಮನೆಯ ಫೈಬರ್ ಇದೇ ಕೊಟ್ಟಿಗೆಯಿಂದ ಬಂದಿದ್ದರೂ ಬಂದಿರಬಹುದು.

ಅವರಿಗೆ ಅದು ಹೇಗೆ ಸಾಧ್ಯವಾಯಿತು? ಫೈಬರ್ ತಂತಿ ಅಗ್ಗ, ದುಬಾರಿಯಾಗುವುದು ನೆಲ ಅಗೆಯುವುದು. ರಸ್ತೆ ಒಡೆದು ಮತ್ತೆ ಡಾಂಬರು ಹಾಕಬೇಕು, ಅದಕ್ಕೆ ಅನುಮತಿ, ಅನುಮತಿಗೆ ಶುಲ್ಕ. ಹೊಲದ ಮೆದು ಮಣ್ಣಿನಲ್ಲಿ ಈ ಯಾವುದೂ ಇಲ್ಲ. ಹಾಗಾಗಿ ಎಷ್ಟು ತೆರಿಗೆ ಹಾಕಬೇಕು ಎಂದು ಕೇಳುವ ಮೊದಲು ಅಗೆತದ ಖರ್ಚು ಇಳಿಸಲು ಸರ್ಕಾರ ಏನು ಮಾಡಿದೆ ಎಂದು ಕೇಳಬೇಕು. ಬ್ರಿಟನ್ನಿನಲ್ಲಿ ತಮಾಷೆಯೊಂದಿತ್ತು. ನೆಲದೊಳಗಿನ ಫೈಬರನ್ನು ಆಸ್ತಿ ಎಂದು ಪರಿಗಣಿಸಿ ಅದರ ಮೇಲೂ ತೆರಿಗೆ ಹಾಕುತ್ತಿದ್ದರು. ಒಂದು ಕೈಯಲ್ಲಿ ಫೈಬರ್ ಹಾಕಲು ಸಹಾಯಧನ, ಇನ್ನೊಂದು ಕೈಯಲ್ಲಿ ಹಾಕಿದ್ದಕ್ಕೆ ಕಂದಾಯ! 2017ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಫೈಬರಿಗೆ 5 ವರ್ಷದ ವಿನಾಯಿತಿ ಕೊಟ್ಟು ಸ್ವಲ್ಪ ಸರಿಮಾಡಿದರು. ನಮ್ಮಲ್ಲಿ ಪಂಚಾಯಿತಿ, ಪುರಸಭೆ, ಲೋಕೋಪಯೋಗಿ, ಅರಣ್ಯ ಎಂದು ಬಾಗಿಲು ಬಾಗಿಲು ತಟ್ಟಿದವರಿಗೆ ಈ ತಮಾಷೆ ಬೇರೆ ವೇಷದಲ್ಲಿ ಪರಿಚಯವಿದೆ. ಕೇಬಲ್ ಹಾದುಹೋಗಲು ಅನುಮತಿ ಕೊಡುವ ‘ಮಾರ್ಗದ ಹಕ್ಕಿನ’ ನಿಯಮಗಳು 2016ರಲ್ಲಿ ಬಂದವು, ಮತ್ತೆ 2024ರಲ್ಲಿ ಹೊಸದಾಗಿ ಬಂದವು. ಕಾಗದದ ಮೇಲೆ ಚೆನ್ನಾಗಿಯೇ ಇವೆ.

ಬ್ರಿಟನ್ನಿನ ಕಥೆಯ ಉಳಿದ ಭಾಗವನ್ನು ಬೇಗ ಮುಗಿಸುತ್ತೇನೆ. 2017ರ ಕೊನೆಗೆ ಶೇ 95 ಮನೆಗಳಿಗೆ 24 ಎಂಬಿಪಿಎಸ್ ಸಿಗುವಂತಾಯಿತು. ಅಷ್ಟರಲ್ಲಿ ಆ ವೇಗವೇ ಹಳತಾಗಿತ್ತು. 2021ರಲ್ಲಿ ‘ಪ್ರಾಜೆಕ್ಟ್ ಗಿಗಾಬಿಟ್’ ಎಂದು ಮತ್ತೆ 500 ಕೋಟಿ ಪೌಂಡಿನ ಯೋಜನೆ ಹಾಕಿ ಈ ಸಲ ಫೈಬರನ್ನು ಮನೆಯವರೆಗೇ ಒಯ್ಯಲು ಹೊರಟರು. ಈ ಹಣ ನೇರವಾಗಿ ಸರ್ಕಾರದ ಬೊಕ್ಕಸದ್ದು. ಸಂಬಳ ಹೆಚ್ಚಿದ್ದವನು ಹೆಚ್ಚು ಆದಾಯ ತೆರಿಗೆ ಕಟ್ಟುವುದರಿಂದ ಮೂರರಲ್ಲಿ ಇದೇ ಹೆಚ್ಚು ನ್ಯಾಯದ ದಾರಿ ಎನ್ನುವುದು ನನ್ನ ಅಭಿಪ್ರಾಯ. ಹನ್ನೆರಡು ವರ್ಷ ತಡವಾಗಿ ಅಲ್ಲಿಗೆ ಬಂದು ಮುಟ್ಟಿದರು.

ಈಗ ನಿಮ್ಮ 10 ರೂಪಾಯಿ.

ನೀವು ಅದನ್ನು ಈಗಾಗಲೇ ಕೊಡುತ್ತಿದ್ದೀರಿ. ಇವತ್ತು ನಿನ್ನೆಯಿಂದಲ್ಲ, 2002ರ ಏಪ್ರಿಲ್ 1ರಿಂದ. ಟೆಲಿಕಾಂ ಕಂಪನಿಗಳು ತಮ್ಮ ಹೊಂದಾಣಿಕೆ ಮಾಡಿದ ಒಟ್ಟು ಆದಾಯದಲ್ಲಿ ಶೇ 8ನ್ನು ಸರ್ಕಾರಕ್ಕೆ ಪರವಾನಗಿ ಶುಲ್ಕ ಕಟ್ಟಬೇಕು, ಆ ಎಂಟರಲ್ಲಿ ಐದು, ಅಂದರೆ ಆದಾಯದ ಶೇ 5, ಹಳ್ಳಿಗಳಿಗೆ ಸಂಪರ್ಕ ಕೊಡಲೆಂದೇ ಮೀಸಲಾದ ನಿಧಿಗೆ. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಎಂಬ ನಾಲಿಗೆ ಹೊರಳದ ಹೆಸರು ಅದಕ್ಕಿತ್ತು. 2023ರ ದೂರಸಂಪರ್ಕ ಕಾಯಿದೆಯಲ್ಲಿ ‘ಡಿಜಿಟಲ್ ಭಾರತ್ ನಿಧಿ’ ಎಂದು ನಾಮಕರಣವಾಯಿತು. ನೀವು 299 ರೂಪಾಯಿ ರೀಚಾರ್ಜ್ ಮಾಡಿಸಿದಿರಿ ಎನ್ನಿ. ಶೇ 18 ಜಿಎಸ್‌ಟಿ ತೆಗೆದರೆ ಉಳಿಯುವುದು ಸುಮಾರು 253 ರೂಪಾಯಿ. ಅದರ ಶೇ 5 ಎಂದರೆ 12 ರೂಪಾಯಿ 67 ಪೈಸೆ. ಕಂಪನಿ ಬೇರೆ ಕಂಪನಿಗೆ ದಾಟಿಸುವ ಪಾಲು ಕಳೆದರೆ ಸ್ವಲ್ಪ ಕಡಿಮೆಯಾಗಬಹುದು. ಕಟ್ಟುವುದು ಕಂಪನಿ, ಜನರಲ್ಲ ಎಂದು ವಾದಿಸುವವರಿದ್ದಾರೆ. ಅಡಿಕೆ ಮಂಡಿಯ ಖರ್ಚು ಕೊನೆಗೆ ಬೆಳೆಗಾರನ ಪಟ್ಟಿಯಲ್ಲಿ ಬಂದು ಕೂರುತ್ತದೋ ಇಲ್ಲವೋ ಎಂದು ನಿಮ್ಮನ್ನು ಕೇಳಿದರೆ ಏನೆನ್ನುತ್ತೀರಿ? ಇದೂ ಹಾಗೆಯೇ.

ತಲೆಗೆ ಇಷ್ಟು ಎನ್ನುವ ಬ್ರಿಟನ್ನಿನ ತೆರಿಗೆಗಿಂತ ನಮ್ಮದು ಚೆನ್ನಾಗಿದೆ ಎಂದೇ ಹೇಳುತ್ತೇನೆ. ದೊಡ್ಡ ಪ್ಲಾನ್ ಹಾಕಿಸಿದವನಿಂದ ಹೆಚ್ಚು, ಸಣ್ಣದಕ್ಕೆ ಕಡಿಮೆ. ಮಾತು ಹೋಗಿ ಡೇಟಾ ಬಂದರೂ ಆದಾಯ ಆದಾಯವೇ, ಅಮೆರಿಕದಂತೆ ಕೆರೆ ಬತ್ತುವುದಿಲ್ಲ. ಕೆಟ್ಟದ್ದು ಕಾಣದಿರುವುದು. ಬ್ರಿಟನ್ನಿನಲ್ಲಿ ಬಿಲ್ಲಿನಲ್ಲಿ ಒಂದು ಸಾಲು ಬರುತ್ತದೆ ಎಂದಿದ್ದಕ್ಕೇ ಸಂಸತ್ತಿನ ಸಮಿತಿ ಕೂತಿತು, ಪತ್ರಿಕೆಗಳು ಬರೆದವು, ಪ್ರತಿಪಕ್ಷ ಹಿಡಿದುಕೊಂಡಿತು. ನಮ್ಮಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೊಡುತ್ತಿದ್ದೇವೆ, ಲೆಕ್ಕ ಕೇಳಿದ ಒಂದು ಗ್ರಾಮಸಭೆಯನ್ನೂ ನಾನು ಕಂಡಿಲ್ಲ. ವಸೂಲಾದ ಹಣ ಮೊದಲು ಕೇಂದ್ರದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ ಹೋಗುತ್ತದೆ. ಅಲ್ಲಿಂದ ಸಂಸತ್ತು ಮಂಜೂರು ಮಾಡಿದಷ್ಟು ಮಾತ್ರ ಹಳ್ಳಿಯ ಕೆಲಸಕ್ಕೆ ಬರುತ್ತದೆ. ಬಂದದ್ದಕ್ಕೂ ಖರ್ಚಾದದ್ದಕ್ಕೂ ಹತ್ತಾರು ಸಾವಿರ ಕೋಟಿ ರೂಪಾಯಿಗಳ ಅಂತರ ವರ್ಷಗಟ್ಟಲೆ ಉಳಿದಿತ್ತು. ಅದೇ ವರ್ಷಗಳಲ್ಲೇ ಲಾಕ್‌ಡೌನ್ ಬಂತು. ಸುಳ್ಯದ ಕಡೆ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ ಊರೆಲ್ಲ ಹರಿದಾಡಿತು. ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲೇ ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಅಭಿಯಾನ ನಡೆಯಿತು. ಆ ಅಪ್ಪನ ರೀಚಾರ್ಜಿನಿಂದಲೂ ಶೇ 5 ಹೋಗಿತ್ತು.

ಏನೂ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. ಈ ನಿಧಿಯಿಂದಲೇ 2011ರ ಅಕ್ಟೋಬರ್‌ನಲ್ಲಿ ಸುಮಾರು 20,000 ಕೋಟಿ ರೂಪಾಯಿಯ ಯೋಜನೆ ಒಪ್ಪಿಗೆ ಪಡೆಯಿತು: ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್. ಆಮೇಲೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಎರಡು ವರ್ಷದಲ್ಲಿ ಎಲ್ಲ ಮುಗಿಯುತ್ತದೆ ಎಂದಿದ್ದರು. ಮೊದಲ 1 ಲಕ್ಷ ಪಂಚಾಯಿತಿ ಮುಟ್ಟಿದ್ದು 2017ರ ಡಿಸೆಂಬರ್‌ನಲ್ಲಿ. 2023ರಲ್ಲಿ ಯೋಜನೆಯನ್ನು ತಿದ್ದಿ 1.39 ಲಕ್ಷ ಕೋಟಿ ರೂಪಾಯಿಗೆ ಏರಿಸಿದ್ದಾರೆ. ಬ್ರಿಟನ್ನಿನ ಹಸಿರು ಪೆಟ್ಟಿಗೆಯಂತೆ ಇಲ್ಲೂ ಫೈಬರ್ ನಿಲ್ಲುವುದು ಒಂದು ಕಟ್ಟಡದ ಬಾಗಿಲಲ್ಲಿ, ಪಂಚಾಯಿತಿ ಕಚೇರಿಯಲ್ಲಿ. ಅಲ್ಲಿಂದ ನಿಮ್ಮ ಮನೆಗೆ ನಾಲ್ಕು ಕಿ.ಮೀ. ಕಾಡು. ಪಂಚಾಯಿತಿಯಲ್ಲೂ ಪೆಟ್ಟಿಗೆ ಗೋಡೆಗೆ ತೂಗುತ್ತಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ಇಲ್ಲವೇ ರಸ್ತೆ ಅಗಲ ಮಾಡಲು ಬಂದ ಜೆಸಿಬಿಯ ಬಾಯಿಗೆ ಫೈಬರ್ ಹೋಗಿರುತ್ತದೆ. ನಾನು ನಿವೃತ್ತನಾದ ಮೇಲೆ ಹೋಗಿ ನೋಡಿದ ಒಂದು ಪಂಚಾಯಿತಿಯಲ್ಲಿ ಆ ಪೆಟ್ಟಿಗೆಯ ಮೇಲೆ ಊದುಬತ್ತಿ ಸ್ಟ್ಯಾಂಡ್ ಇಟ್ಟಿದ್ದರು. ಕಟ್ಟುವುದಕ್ಕೆ ಹಣ ಇಡುವ ನಿಧಿಗಳು ಕಾಯುವುದಕ್ಕೆ ಇಡುವುದಿಲ್ಲ. ತಿದ್ದಿದ ಯೋಜನೆಯಲ್ಲಿ ಹತ್ತು ವರ್ಷದ ನಿರ್ವಹಣೆಯನ್ನೂ ಸೇರಿಸಿದ್ದಾರೆ, ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಿ ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಹರಿಯುವಂತೆ ಮಾಡುತ್ತಾರಂತೆ. ಮೊದಲೇ ಮಾಡಬೇಕಿದ್ದ ಕೆಲಸ.

ಹಾಗಾಗಿ ಹೊಸದಾಗಿ 10 ರೂಪಾಯಿ ಹಾಕುವ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಹಳೆಯ 12 ರೂಪಾಯಿಯನ್ನು ರೀಚಾರ್ಜ್ ರಸೀದಿಯಲ್ಲಿ ಒಂದು ಸಾಲಾಗಿ ಅಚ್ಚು ಹಾಕಲಿ, ನಿಧಿಗೆ ಬಂದದ್ದೆಲ್ಲ ನಿಧಿಯಲ್ಲೇ ಉಳಿಯಲಿ. ಆಮೇಲೆ ಸಾಲದಿದ್ದರೆ ಕೇಳಲಿ.

ನೀವು ಮಾಡಬಹುದಾದದ್ದು ಒಂದಿದೆ. ಮುಂದಿನ ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಬರೆದು ಕೊಡಿ: ನಮ್ಮ ಪಂಚಾಯಿತಿಯ ಭಾರತ್‌ನೆಟ್ ಪೆಟ್ಟಿಗೆ ಈ ತಿಂಗಳು ಎಷ್ಟು ದಿನ ಚಾಲ್ತಿಯಲ್ಲಿತ್ತು? ಅಲ್ಲಿಂದ ಮನೆಗಳಿಗೆ ಸಂಪರ್ಕ ಕೊಡಲು ಯಾರನ್ನು ನೇಮಿಸಿದ್ದಾರೆ? ನಡಾವಳಿ ಪುಸ್ತಕದಲ್ಲಿ ಬರೆಸಿ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ನೀವು ಕೊಡಲು ತಯಾರಿದ್ದ 10 ರೂಪಾಯಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಸದ್ಯಕ್ಕೆ ನನಗೆ ಹೊಳೆಯುವುದಿಲ್ಲ. ಮೊಬೈಲ್ ಟವರಿಗೆ ಬೇರೆ ದಾರಿ: ಸಿಗ್ನಲ್ಲೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿ ಮಂಜೂರಾಗಿದೆ, ಅದೂ ಇದೇ ನಿಧಿಯಿಂದ. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಅದೇ ಅರ್ಜಿಯ ಜೊತೆ ಕೇಳಬಹುದು.

ಕೊನೆಗೆ ಮಗಳ ಲ್ಯಾಂಡ್‌ಲೈನ್. ಬ್ರಿಟನ್ನಿನ ಹಳೆಯ ಫೋನ್ ಜಾಲ 2025ರ ಕೊನೆಗೇ ನಿಲ್ಲಬೇಕಿತ್ತು. ಒಂಟಿಯಾಗಿರುವ ವೃದ್ಧರು ಕೊರಳಿಗೆ ಹಾಕಿಕೊಂಡಿರುವ ತುರ್ತು ಕರೆಯ ಗುಂಡಿಗಳು ಹೊಸ ವ್ಯವಸ್ಥೆಯಲ್ಲಿ ಕೈಕೊಟ್ಟ ಪ್ರಕರಣಗಳು ಬಂದಿದ್ದರಿಂದ 2027ರ ಜನವರಿ ಕೊನೆಗೆ ಮುಂದೂಡಿದ್ದಾರೆ. ನೀವು ಗಾಬರಿಯಾಗಬೇಕಿಲ್ಲ. ನಂಬರ್ ಸಾಮಾನ್ಯವಾಗಿ ಅದೇ ಇರುತ್ತದೆ, ಫೋನನ್ನು ಗೋಡೆಯ ಬದಲು ಬ್ರಾಡ್‌ಬ್ಯಾಂಡ್ ರೌಟರಿಗೆ ಸಿಕ್ಕಿಸುತ್ತಾರೆ. ವ್ಯತ್ಯಾಸ ಒಂದೇ. ಹಳೆಯ ಫೋನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಗಂಟೆ ಬಾರಿಸುತ್ತಿತ್ತು. ಇನ್ನು ಮುಂದೆ ಕರೆಂಟ್ ಹೋದರೆ ಫೋನೂ ಹೋಗುತ್ತದೆ. ಅವಳ ಹಳ್ಳಿಯಲ್ಲಿ ಮೊಬೈಲ್ ಸಿಗ್ನಲ್ ಸರಿಯಿಲ್ಲದಿದ್ದರೆ ಕಂಪನಿಗೆ ಹೇಳಿ ಬ್ಯಾಟರಿ ಬ್ಯಾಕಪ್ ಕೇಳಲಿ. ಲ್ಯಾಂಡ್‌ಲೈನನ್ನೇ ನಂಬಿರುವವರು ಕರೆಂಟ್ ಹೋದಾಗಲೂ ಕನಿಷ್ಠ ಒಂದು ಗಂಟೆ ತುರ್ತು ಕರೆ ಮಾಡಲು ಆಗಬೇಕು ಎಂದು ಆಫ್‌ಕಾಮ್ ಹೇಳಿದೆ. ಪಕ್ಕದ ಮನೆಯ ಆ ಹಿರಿಯರ ಕೊರಳಲ್ಲಿ ಗುಂಡಿಯಿದ್ದರೆ, ಲೈನ್ ಬದಲಾಯಿಸುವ ದಿನ ಅವಳೇ ಜೊತೆಗಿದ್ದು ಒಮ್ಮೆ ಒತ್ತಿಸಿ ನೋಡಲಿ.